ಮುದ್ದಪ್ಪನ ಎಡೆ

ಅದಿತಿ ಮಾಂಸ ಬಿಟ್ಟದ್ದು ಒಂದು ಸ್ವೆಟರಿನ ದೆಸೆಯಿಂದ.

ಕಾಶಿಯಲ್ಲಿ ಚಳಿ ಬಲಿತರೆ ಘಾಟುಗಳಲ್ಲಿ ಅಡ್ಡಾಡುವ ಮೇಕೆಗಳಿಗೂ ಉಡುಪು ಬರುತ್ತದೆ. ಯಾರೋ ಬಿಸಾಡಿದ ಬನೀನು, ಯಾರದೋ ಮಗುವಿಗೆ ಚಿಕ್ಕದಾದ ಉಣ್ಣೆಯ ಅಂಗಿ, ಏನೂ ಸಿಗದಿದ್ದರೆ ಗೋಣಿಚೀಲ. ಮುಂಗಾಲು ತೂರುವಷ್ಟು ತೂತು ಮಾಡಿ ತೊಡಿಸಿಬಿಡುತ್ತಾರೆ. ಅವೂ ಗಂಭೀರವಾಗಿ ಅದನ್ನು ತೊಟ್ಟು, ಹೊಳೆಯ ಕಡೆ ಮುಖ ಮಾಡಿ, ಯಾರೋ ದೇವರಿಗೆ ಹಾಕಿದ್ದ ಚೆಂಡುಹೂವಿನ ಹಾರವನ್ನು ಮೆಲ್ಲುತ್ತ ನಿಲ್ಲುತ್ತವೆ. ಹೋದ ಪುಷ್ಯ ಮಾಸದಲ್ಲಿ ಅದಿತಿಯ ತಾಯಿ ಪ್ರಮೀಳಾ ಮಗಳ ಹಳೆಯ ನೀಲಿ ಸ್ಕೂಲ್ ಸ್ವೆಟರನ್ನು ಹಾಲಿನವನಿಗೆ ಕೊಟ್ಟಿದ್ದಳು. ಕೆಲವು ದಿನ ಕಳೆದ ಮೇಲೆ ಅಸ್ಸಿ ಘಾಟಿನ ಮೆಟ್ಟಿಲ ಮೇಲೆ ಅದಿತಿ ಅದನ್ನು ಕಂಡಳು. ಮೊಣಕೈಯ ಬಳಿ ಅಜ್ಜಿ ಹಾಕಿದ್ದ ತೇಪೆಯ ಗುರುತಿನಿಂದಲೇ ಗೊತ್ತಾಯಿತು. ಒಳಗಿದ್ದ ಮೇಕೆ ಹಾರ ಅಗಿಯುವುದನ್ನು ನಿಲ್ಲಿಸಿ ಅವಳನ್ನೊಮ್ಮೆ ನೋಡಿ, ಮತ್ತೆ ಅಗಿಯತೊಡಗಿತು.

ಅಷ್ಟೇ. ಆ ಮೇಕೆಗೆ ಏನೂ ಆಗಲಿಲ್ಲ, ಇವತ್ತಿಗೂ ಅಲ್ಲೇ ಓಡಾಡಿಕೊಂಡಿದೆ. ಆದರೆ ಅವತ್ತು ಸಂಜೆ ತಟ್ಟೆಯ ಮುಂದೆ ಕೂತ ಹುಡುಗಿಗೆ ತುತ್ತು ಎತ್ತಲಾಗಲಿಲ್ಲ. ಮರುದಿನವೂ ಆಗಲಿಲ್ಲ. ಹದಿನೈದರ ಹುಡುಗಿ, ಯಾರಿಗೂ ಉಪದೇಶ ಮಾಡಲಿಲ್ಲ, ಯಾರ ತಟ್ಟೆಯನ್ನೂ ಓರೆಗಣ್ಣಿನಿಂದ ನೋಡಲಿಲ್ಲ. ತನಗೆ ಬೇಡ ಅಂದಳು.

ಬೇಡ ಅಂದದ್ದು ಎಂಥ ಮನೆಯಲ್ಲಿ! ಅವಳ ಅಪ್ಪ ಲೋಕನಾಥ್ ಮಳವಳ್ಳಿ ಕಡೆಯವನು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಶಾಸ್ತ್ರ ಹೇಳಿಕೊಡುವ ಮೇಷ್ಟ್ರು. ಪ್ರಮೀಳಾ ಮಕ್ಕಳ ಡಾಕ್ಟರು. ಅವರ ಕ್ವಾರ್ಟರ್ಸಿನಲ್ಲಿ ಭಾನುವಾರ ಎಂದರೆ ಮಟನ್ನು, ನಡುವಾರಕ್ಕೆ ಗಂಗೆಯ ಮೀನು, ನೆಂಟರು ಬಂದರೆ ಕೋಳಿ. ಮನೆಯ ಅಡುಗೆಯ ಒಡೆತನ ಲೋಕನಾಥನ ತಾಯಿ ತುಳಸಮ್ಮನದು. ಗಂಡ ಮುದ್ದಪ್ಪ ತೀರಿಕೊಂಡ ಮೇಲೆ ಅವನ ಅಸ್ಥಿಯನ್ನು ಮಡಿಲಲ್ಲಿಟ್ಟುಕೊಂಡು ರೈಲು ಹತ್ತಿ ಬಂದವಳು, ಕೇದಾರ ಘಾಟಿನಲ್ಲಿ ಅದನ್ನು ನೀರಿಗೆ ಬಿಟ್ಟು, ಅವರಿರುವ ಊರಲ್ಲೇ ನಾನೂ ಇರ್ತೀನಿ ಅಂತ ಉಳಿದುಬಿಟ್ಟಿದ್ದಳು. ಸೋಮವಾರ ಸೋಮವಾರ ಅಲ್ಲಿ ಮುಳುಗಿ, ಕೇದಾರೇಶ್ವರನಿಗೆ ನೀರು ಹಾಕಿ, ಬಂದು ಮಸಾಲೆ ಅರೆಯುವಳು. ಅವಳ ಭಕ್ತಿಗೂ ಅವಳ ಮಸಾಲೆಗೂ ಎಂದೂ ಜಗಳ ಬಂದದ್ದಿಲ್ಲ.

ತುಳಸಮ್ಮ ಮೊದಮೊದಲು ಮೊಮ್ಮಗಳ ಹಟವನ್ನು ಜ್ವರದ ಹಾಗೆ ತಿಳಿದಳು. ಬಂದದ್ದು ಇಳಿದೀತು. ಇಳಿಯುವ ತನಕ ಮಗು ಸೊರಗಬಾರದೆಂದು, ಬಡಿಸುವಾಗ ತುಂಡುಗಳನ್ನೆಲ್ಲ ಸೌಟಿನಿಂದ ಆಚೆ ಸರಿಸಿ, ತಿಳಿಯನ್ನಷ್ಟೇ ಬಗ್ಗಿಸಿ ಅನ್ನದ ಮೇಲೆ ಹಾಕಿದಳು.

"ತುಂಡು ಒಂದೂ ಇಲ್ಲ ಕನ್ಮಗ. ಬರೀ ಸಾರು."

"ಸಾರೂ ಅದರದ್ದೇ ಅಲ್ವಾ ಅಜ್ಜಿ?"

"ಸಾರು ಕೊತ್ತಂಬ್ರಿದು, ಕಾಯ್ದು, ಮೆಣಸಿನ್ಕಾಯ್ದು. ತುಂಡು ಮಾತ್ರ ಅದರದ್ದು."

ನಮ್ಮವ್ವ ಓದಿದ್ದರೆ ದೊಡ್ಡ ವಕೀಲೆ ಆಗುತ್ತಿದ್ದಳು ಎಂದು ಲೋಕನಾಥ್ ನಕ್ಕ. ಅದಿತಿಯೂ ನಕ್ಕು, ತಟ್ಟೆಯನ್ನು ಅಪ್ಪನ ಕಡೆ ಸರಿಸಿ, ಬೇರೆ ತಟ್ಟೆಯಲ್ಲಿ ಮೊಸರು ಕಲೆಸಿಕೊಂಡಳು. ಅಲ್ಲಿಯ ತನಕ ಎಲ್ಲವೂ ನಗುವಿನಲ್ಲೇ ಇತ್ತು.

ನಗು ನಿಂತದ್ದು ಸೌಟಿನಿಂದ. ಒಂದು ದಿನ ಒಲೆಯ ಒಂದು ಕಡೆ ಕೋಳಿ ಸಾರು, ಇನ್ನೊಂದು ಕಡೆ ಅದಿತಿಗೆಂದು ತೊಗರಿಬೇಳೆ ಕುದಿಯುತ್ತಿತ್ತು. ತುಳಸಮ್ಮ ಅದನ್ನು ತಿರುವಿದ ಸೌಟಿನಲ್ಲೇ ಇದನ್ನೂ ತಿರುವಿದಳು. ಹುಡುಗಿ ನೋಡಿದಳು, ಬೇಳೆಯನ್ನು ಮುಟ್ಟಲಿಲ್ಲ. ಯಾಕೆ ಉಣ್ಣಲಿಲ್ಲವೆಂದು ಅಜ್ಜಿ ಬಿಡದೆ ಕೇಳಿದಾಗ ತಲೆ ತಗ್ಗಿಸಿಕೊಂಡು, ತನಗೆ ಒಂದು ಸೌಟು ಬೇರೆ ಇಟ್ಟರೆ ಸಾಕು ಅಂದಳು.

ಸೌಟು ಕೇಳಿದವಳಿಗೆ ಪ್ರಮೀಳಾ ಅಡುಗೆಮನೆಯನ್ನೇ ಕೊಟ್ಟಳು. ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಕೈ, ಏನನ್ನೂ ಅರೆಬರೆ ಮಾಡುವುದಿಲ್ಲ. ಹಿಂದಿನ ಬಾಲ್ಕನಿಯಲ್ಲಿ ಬೇರೆ ಒಲೆ, ಬೇರೆ ಬಾಣಲೆ, ಬೇರೆ ಕುಕ್ಕರು, ಪಾತ್ರೆ ಉಜ್ಜಲು ಬೇರೆ ನಾರು. ಊಟದ ಮೇಜಿನ ಆ ತುದಿಯಲ್ಲಿ ಅವಳದೇ ಜಾಗ. ಮಗಳ ಮನಸ್ಸಿಗೆ ನೋವಾಗಬಾರದು ಎಂಬುದಷ್ಟೇ ಅವಳ ಉದ್ದೇಶ. ಆದರೆ ಆ ತುದಿಯಲ್ಲಿ ಕೂತು ಒಬ್ಬಳೇ ಉಣ್ಣುವಾಗ ಅದಿತಿಗೆ ತಾನು ಈ ಮನೆಗೆ ಬಂದುಹೋಗುವವಳು ಅನ್ನಿಸುತ್ತಿತ್ತು. ಇಷ್ಟು ಮಾಡಿದ ಅಮ್ಮನಿಗೆ ಹಾಗೆಂದು ಹೇಳುವುದು ಹೇಗೆ?

ತುಳಸಮ್ಮನ ಒಳಗೆ ಅದು ಬೇರೆಯೇ ರೀತಿಯಲ್ಲಿ ಇಳಿಯಿತು.

ಲಂಗ ಉಡುವ ವಯಸ್ಸಿನಲ್ಲಿ ಅವಳು ಊರಿನ ಮೇಲುಬೀದಿಯ ದೊಡ್ಡ ಮನೆಯವರ ಗದ್ದೆಗೆ ಕಳೆ ಕೀಳಲು ಹೋಗುತ್ತಿದ್ದಳು. ಅವರು ಮಾಂಸ ತಿನ್ನದ ಜನ. ಮಧ್ಯಾಹ್ನ ಕೊಟ್ಟಿಗೆಯ ಪಕ್ಕ ಎಲೆ ಹಾಕಿ ಕೂರಿಸಿ, ಅನ್ನವನ್ನು ಮೇಲಿನಿಂದ ಬೀಳಿಸುತ್ತಿದ್ದರು. ಸೌಟು ಎಲೆಗೆ ತಾಗುತ್ತಿರಲಿಲ್ಲ. ನೀರನ್ನು ಎತ್ತರದಿಂದ ಬೊಗಸೆಗೆ ಹುಯ್ಯುತ್ತಿದ್ದರು. ಕೂಲಿಯ ರಾಗಿಯನ್ನು ಜಗುಲಿಯ ಮೇಲಿಟ್ಟು ಅವರು ಹಿಂದೆ ಸರಿದ ಮೇಲೆ ಇವಳು ಹೋಗಿ ಎತ್ತಿಕೊಳ್ಳಬೇಕು. ಅವರು ಕೆಟ್ಟವರೇನಲ್ಲ. ಬೈದದ್ದಿಲ್ಲ, ಅಳತೆಯಲ್ಲಿ ಮೋಸ ಮಾಡಿದ್ದಿಲ್ಲ, ಹಬ್ಬದ ದಿನ ಅನ್ನದ ಮೇಲೆ ತುಪ್ಪವನ್ನೂ ಬಿಡುತ್ತಿದ್ದರು. ಆದರೂ ಆ ಎಲೆಯ ಮುಂದಿನಿಂದ ಹೊಟ್ಟೆ ತುಂಬಿ ಎದ್ದ ಹುಡುಗಿಯೊಳಗೆ ಏನೋ ಒಂದು ಹಸಿದುಕೊಂಡೇ ಇರುತ್ತಿತ್ತು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಈಗ ತನ್ನ ಮಗನ ಮಗಳೇ ಬೇರೆ ಸೌಟು ಕೇಳಿದಳು. ತುಳಸಮ್ಮ ಬೈಯಲಿಲ್ಲ, ಅಳಲಿಲ್ಲ. ಹಳೆಯ ದಾರಿ ಕಾಲಿಗೆ ತಾನಾಗಿ ಸಿಕ್ಕಿಬಿಡುವ ಹಾಗೆ ಅವಳ ಮೈ ಆ ಹಳೆಯ ರೀತಿಗೆ ಹೊರಳಿಕೊಂಡಿತು. ಮೊಮ್ಮಗಳು ಚೊಂಬು ಕೇಳಿದರೆ ಕೈಗೆ ಕೊಡದೆ ಮೇಜಿನ ಮೇಲಿಟ್ಟು ಹಿಂದೆ ಸರಿದು ನಿಲ್ಲುವಳು. ಬಾಲ್ಕನಿಯ ಒಲೆಯ ಕಡೆ ಸುಳಿಯಳು. ಪ್ರತಿ ಭಾನುವಾರ ಕಾಲ ಬಳಿ ಕೂರಿಸಿಕೊಂಡು ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಿದ್ದವಳು, ಕೈ ನೋವು ಕನವ್ವ, ನಿಮ್ಮಮ್ಮನ್ನ ಕೇಳು ಅಂದುಬಿಟ್ಟಳು.

ಅಜ್ಜಿಗೆ ವಯಸ್ಸಾಯಿತು, ತಾತನ ನೆನಪು ಕಾಡುತ್ತಿದೆ ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ಮೇಜಿನ ಮೇಲಿಟ್ಟ ಚೊಂಬನ್ನು ಎತ್ತಿಕೊಳ್ಳುವಾಗ ಅದಿತಿಗೆ ಮಾತ್ರ ಎಲ್ಲೋ ಏನೋ ತಪ್ಪಿದೆ ಅನ್ನಿಸುತ್ತಿತ್ತು. ಯಾವುದು, ಎಲ್ಲಿ ಎಂದು ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಭಾದ್ರಪದ ಬಂತು, ಪಿತೃಪಕ್ಷ ಬಂತು.

ಪಿತೃಪಕ್ಷದ ಕಾಶಿಯನ್ನು ನೋಡಿಯೇ ತಿಳಿಯಬೇಕು. ಯಾವ ಯಾವ ದೇಶದ ಮಕ್ಕಳೋ ತಲೆ ಬೋಳಿಸಿಕೊಂಡು ಮೆಟ್ಟಿಲ ಮೇಲೆ ಸಾಲಾಗಿ ಕೂತು ಹಿಟ್ಟಿನ ಉಂಡೆ ಕಟ್ಟುತ್ತಾರೆ. ಎಳ್ಳು, ದರ್ಭೆ, ನೀರು. ಹೆಸರು ಮರೆತ ಮುತ್ತಜ್ಜಂದಿರಿಗೂ ಒಂದು ಉಂಡೆ. ಎಷ್ಟೋ ಮನೆಗಳಲ್ಲಿ ಆ ಪಕ್ಷವಿಡೀ ಈರುಳ್ಳಿ ಬೆಳ್ಳುಳ್ಳಿ ಕೂಡ ಒಲೆ ಏರುವುದಿಲ್ಲ.

ತುಳಸಮ್ಮನ ಕಡೆಯವರ ರೀತಿ ಬೇರೆ. ಅಲ್ಲಿ ಮಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರು ಬದುಕಿದ್ದಾಗ ಏನನ್ನು ಆಸೆಪಟ್ಟು ಉಣ್ಣುತ್ತಿದ್ದರೋ ಅದನ್ನೇ ಮಾಡಿ ಬಾಳೆಯೆಲೆಯ ಮೇಲೆ ಬಡಿಸಬೇಕು. ಕುರಿಯಾದರೆ ಕುರಿ, ಮೀನಾದರೆ ಮೀನು, ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಒಂದು ಗುಟುಕು. ಮಾಡುವವರು ಮಿಂದು ಮಾಡಬೇಕು, ರುಚಿ ನೋಡಬಾರದು. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಹೊರಗೆ ಬರಬೇಕು. ಅಷ್ಟು ಹೊತ್ತಿನಲ್ಲಿ ಹಿರಿಯರು ಬಂದು ಉಣ್ಣುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಮನೆಯವರೆಲ್ಲ ಆ ಎಡೆಯ ಮುಖ್ಯ ಅಡುಗೆಯಿಂದ ಒಂದೊಂದು ತುತ್ತು ಉಣ್ಣಬೇಕು. ಎಲ್ಲರೂ. ಒಬ್ಬರು ಬಿಟ್ಟರೂ ಬಂದವರು ಅರ್ಧ ಹೊಟ್ಟೆಯಲ್ಲಿ ಹಿಂದಿರುಗುತ್ತಾರೆ ಎಂಬುದು ತುಳಸಮ್ಮ ತನ್ನ ಅತ್ತೆಯಿಂದ, ಆ ಅತ್ತೆ ಅವಳ ಅತ್ತೆಯಿಂದ ಕೇಳಿ ನಂಬಿಕೊಂಡು ಬಂದ ಮಾತು.

ಮುದ್ದಪ್ಪನಿಗೆ ಇಷ್ಟವಾದದ್ದು ತಲೆಮಾಂಸದ ಸಾರು ಮತ್ತು ರಾಗಿಮುದ್ದೆ.

ಈ ವರ್ಷ ಇಲ್ಲಿನ ರೀತಿಯಲ್ಲೇ ಸಿಹಿ ಅಡುಗೆ ಮಾಡಿ ಎಡೆ ಇಟ್ಟರೆ ಹೇಗೆ ಎಂದು ಲೋಕನಾಥ್ ಮೆಲ್ಲಗೆ ತೆಗೆದ. ಮಗಳಿಗೂ ಕಷ್ಟವಾಗುವುದಿಲ್ಲ. ತುಳಸಮ್ಮ ಬತ್ತಿ ಹೊಸೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಬದುಕಿರೋವಾಗ ಪಾಯಸ ಕೊಟ್ರೆ ಮುಖ ತಿರುಗಿಸೋರು ನಿಮ್ಮಪ್ಪ. ಸತ್ತ ಮ್ಯಾಲೆ ಬಾಯಿ ಇಲ್ಲ ಅಂತ ಪಾಯಸ ಇಡಾನಾ?"

"ಹಂಗಲ್ಲ ಅವ್ವ. ಅದಿತಿ ತಿನ್ನಲ್ಲ. ಎಲ್ಲಾರೂ ಉಣ್ಣಬೇಕು ಅಂತೀಯ."

"ಮುಟ್ಟದಿದ್ರೆ ಬ್ಯಾಡ ಬುಡು. ಅರ್ಧ ಹೊಟ್ಟೇಲಿ ಹೋಯ್ತಾರೆ ನಿಮ್ಮಪ್ಪ. ಅವ್ರಿಗೂ ಅಭ್ಯಾಸ ಆಗ್ಲಿ."

ಆ ಮಾತು ಬೈಗುಳಕ್ಕಿಂತ ಭಾರವಾಗಿತ್ತು. ಲೋಕನಾಥ್ ಎದ್ದು ಮಗಳ ಕೋಣೆಗೆ ಹೋಗಿ, ಒಂದು ಉಗುರಿನಷ್ಟು ಬಾಯಿಗೆ ತಾಗಿಸಿದರೆ ಸಾಕು, ನುಂಗದಿದ್ದರೂ ನಡೆಯುತ್ತದೆ ಎಂದು ಕೇಳಿಕೊಂಡ. ಅದಿತಿ ಬಹಳ ಹೊತ್ತು ಪುಸ್ತಕದ ಅಂಚನ್ನು ಸವರುತ್ತಿದ್ದಳು.

"ಪಪ್ಪಾ, ತಾತ ಸಚ್ಚೀ, ನಿಜವಾಗ್ಲೂ ಹಸ್ಕೊಂಡು ಹೋಗ್ತಾರಾ?"

ಮಣ್ಣಿನ ಒಳಗಿರುವುದನ್ನೆಲ್ಲ ಬಲ್ಲ ಮೇಷ್ಟ್ರು ಮಗಳ ಪಕ್ಕದಲ್ಲಿ ಕೂತ. "ಅಜ್ಜಿಗೆ ಹಂಗನ್ಸುತ್ತೆ, ಪುಟ್ಟಾ" ಅಂದ.

ಆ ವರ್ಷ ಅಮಾವಾಸ್ಯೆ ಭಾನುವಾರವೇ ಬಿತ್ತು. ಲೋಕನಾಥ್ ಬೆಳಗ್ಗೆ ಎದ್ದು ಮಾಂಸದಂಗಡಿಗೆ ಹೋದರೆ ಅಲ್ಲಿ ನೊಣ ಹೊಡೆಯುತ್ತ ಒಬ್ಬನೇ ಕೂತಿದ್ದ ಬದರಿ ಇವನನ್ನು ಕಂಡು ದಿಗಿಲಾದ. ಪಿತೃಪಕ್ಷದ ಅಮಾವಾಸ್ಯೆ, ಮಾಸ್ಟರ್ ಸಾಹೇಬರು ಮರೆತಿರಬೇಕೆಂದು ಅವನೇ ನೆನಪಿಸಿದ. ಮರೆತಿಲ್ಲ ಭಯ್ಯಾ, ಅಪ್ಪನಿಗೇ ಒಯ್ಯುತ್ತಿದ್ದೇನೆ ಎಂದು ಲೋಕನಾಥ್ ವಿವರಿಸಿದಾಗ ಬದರಿ ಕತ್ತಿಯನ್ನು ಕೆಳಗಿಟ್ಟು, ನಿಮ್ಮ ದೇಶದಲ್ಲಿ ಸಾಯುವುದು ಒಳ್ಳೆಯದು ಅಂದನಂತೆ. ಅದನ್ನು ಲೋಕನಾಥ್ ಮನೆಗೆ ಬಂದು ಹೇಳಿದಾಗ ತುಳಸಮ್ಮ ಎಷ್ಟೋ ದಿನಗಳ ಮೇಲೆ ಒಂದು ಸಲ ನಕ್ಕಳು.

ಮಾಂಸ ತಂದುಕೊಟ್ಟು ಅವನು ಬಾಳೆಯೆಲೆಗೆಂದು ಕೇದಾರ ಘಾಟಿನ ಗಲ್ಲಿಗೆ ಹೊರಟ. ಆ ದಿನದ ಜನಜಂಗುಳಿಯಲ್ಲಿ ಆಟೋ ಹೋಗದು, ನಡೆದೇ ಹೋಗಿ ನಡೆದೇ ಬರಬೇಕು. ಪ್ರಮೀಳೆಗೆ ವಾರ್ಡಿನಿಂದ ಕರೆ ಬಂದು ಅವಳೂ ಹೋದಳು. ಮನೆಯಲ್ಲಿ ಉಳಿದವರು ಅಜ್ಜಿ, ಮೊಮ್ಮಗಳು.

ತುಳಸಮ್ಮ ತಲೆಗೆ ನೀರು ಹಾಕಿಕೊಂಡು, ಒದ್ದೆಗೂದಲನ್ನು ಗಂಟು ಕಟ್ಟಿ, ತಪ್ಪಲೆಯಲ್ಲಿ ಮಾಂಸ ತೊಳೆಯಲು ನಿಂತಳು. ವಾತದಿಂದ ಬೆರಳ ಗೆಣ್ಣುಗಳು ದಪ್ಪವಾಗಿದ್ದವು. ಕೈ ನೋವು ಅಂದದ್ದು ಪೂರ್ತಿ ಸುಳ್ಳೂ ಅಲ್ಲ. ಅದಿತಿಯೂ ಮಿಂದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಏನನ್ನೋ ಹೇಳಬೇಕೆಂದು ಬಂದವಳು, ಅಜ್ಜಿಯ ಬೆನ್ನು ಮಾತ್ರ ಕಾಣುತ್ತಿದ್ದುದರಿಂದ ಹೇಳಲಾಗದೆ ನಿಂತಿದ್ದಳು.

ತೊಳೆದ ನೀರನ್ನು ಚೆಲ್ಲಲು ತುಳಸಮ್ಮ ತಪ್ಪಲೆಯನ್ನು ಓರೆ ಮಾಡಿದಳು. ಬೆರಳು ಹಿಡಿತ ಬಿಟ್ಟಿತು. ತಪ್ಪಲೆ ಜಾರಿತು. ಹಿರಿಯರಿಗೆಂದು ತಂದದ್ದು ಇನ್ನೇನು ನೆಲಕ್ಕೆ ಬೀಳಬೇಕು, ಅಷ್ಟರಲ್ಲಿ ಎರಡು ಎಳೆಯ ಕೈಗಳು ತೂರಿ ಬಂದು ತಪ್ಪಲೆಯನ್ನು ಎದೆಗೆ ಒತ್ತಿ ಹಿಡಿದವು. ಕೆಂಪು ನೀರು ಹುಡುಗಿಯ ಹೊಸ ಕುರ್ತಾದ ಮೇಲೆಲ್ಲ ಚೆಲ್ಲಿತು.

"ಬುಡು ಬುಡು, ಕೈ ತಗಿ. ನಿಂಗ್ಯಾಕವ್ವ ಇದು" ಎಂದು ತುಳಸಮ್ಮ ಗಾಬರಿಯಿಂದ ಹಿಂದೆ ಸರಿದಳು. ಅದಿತಿ ಕೈ ತೆಗೆಯಲಿಲ್ಲ. ತಪ್ಪಲೆಯನ್ನು ನಲ್ಲಿಯ ಕೆಳಗಿಟ್ಟು, ತೋಳು ಮೇಲೇರಿಸಿ, ತುಂಡುಗಳ ನಡುವೆ ಬೆರಳಾಡಿಸುತ್ತ ತೊಳೆಯತೊಡಗಿದಳು.

"ಎಷ್ಟು ಸಲ ತೊಳೀಬೇಕು ಅಜ್ಜಿ?"

"ನೀರು ತಿಳಿಯಾಗೋಗಂಟ."

ತುಳಸಮ್ಮ ಮೊಮ್ಮಗಳ ಕೈಗಳನ್ನೇ ನೋಡುತ್ತ ನಿಂತಳು. ಆ ಕೈಗಳಲ್ಲಿ ಎಲ್ಲಿಯೂ ಹಿಂಜರಿಕೆ ಇರಲಿಲ್ಲ. ಎಲುಬಿನ ಚೂರುಗಳನ್ನು ಹುಡುಕಿ ತೆಗೆಯುತ್ತಿದ್ದವು, ಪ್ರಮೀಳೆಗಿಂತ ನಿಧಾನವಾಗಿ, ಮಗುವನ್ನು ಮೀಯಿಸುವವರ ಹಾಗೆ.

"ಹೇಸ್ಗೆ ಆಗಾಕಿಲ್ವಾ ನಿಂಗೆ?"

ಅದಿತಿ ತಿರುಗಿ ನೋಡಿದಳು. ಅಂಥ ಪ್ರಶ್ನೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. "ಹೇಸಿಗೆನಾ? ಇಲ್ಲ ಅಜ್ಜಿ. ಪಾಪ ಅನ್ಸುತ್ತೆ. ಬಸ್, ಅಷ್ಟೇ."

"ಯಾರ್ ಮ್ಯಾಲೆ?"

ಹುಡುಗಿ ಗಲ್ಲದಿಂದ ತಪ್ಪಲೆಯನ್ನು ತೋರಿಸಿದಳು. "ಇದರ ಮೇಲೆ."

ತುಳಸಮ್ಮ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಕೂತವಳು, ಎಂದೂ ಯಾರಿಗೂ ಹೇಳದಿದ್ದ ಆ ಕೊಟ್ಟಿಗೆಯ ಪಕ್ಕದ ಎಲೆಯ ಮಾತನ್ನು ಹೇಳತೊಡಗಿದಳು. ಮೇಲಿನಿಂದ ಬೀಳುತ್ತಿದ್ದ ಅನ್ನ, ಬೊಗಸೆಯಿಂದ ಸೋರಿ ಮೊಣಕೈಗೆ ಇಳಿಯುತ್ತಿದ್ದ ನೀರು, ಜಗುಲಿಯ ಮೇಲಿನ ರಾಗಿ. ಕತೆ ಹೇಳುವ ದನಿಯಲ್ಲೇ ಹೇಳಿದಳು, ಯಾರದೋ ಮನೆಯ ಹುಡುಗಿಗೆ ಆದದ್ದೆಂಬಂತೆ. ಆ ಮನೆಯವರಿಗೆ ಮಾಂಸದ ಮೇಲೆ ಅಸಹ್ಯವಿತ್ತು, ತಿನ್ನುವವರ ಮೇಲೂ ಇತ್ತು. ಬೇರೆ ಸೌಟು ಕೇಳಿದ ದಿನ ಮೊಮ್ಮಗಳಿಗೂ ಹಾಗೇ ಆಗಿರಬೇಕು ಅಂದುಕೊಂಡೆ ಅಂದಳು.

ಅದಿತಿ ನಲ್ಲಿ ನಿಲ್ಲಿಸಿದಳು. ಒದ್ದೆ ಕೈಗಳನ್ನು ಎರಡೂ ಕಡೆ ಇಳಿಬಿಟ್ಟುಕೊಂಡು ಬಂದು ಎದುರಿಗೆ ಕೂತಳು.

"ಅದಕ್ಕೇನಾ ಅಜ್ಜಿ ನೀನು ನಂಗೆ ಜಡೆ ಹಾಕೋದು ಬಿಟ್ಟಿದ್ದು?"

ತುಳಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಹುಚ್ಮುಂಡೆ ಕನ್ಮಗ ನಾನು" ಅಂದಳು. ಆಮೇಲೆ ಹುಡುಗಿಯ ಹಸಿ ಕೈಗಳನ್ನು, ಅವುಗಳಿಗೆ ಅಂಟಿದ್ದ ಎಲ್ಲದರ ಸಮೇತ, ತನ್ನ ಕೈಗಳಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು. ಬಹಳ ದಿನ ಮೇಜಿನ ಮೇಲಿಟ್ಟು ಹಿಂದೆ ಸರಿದದ್ದಕ್ಕೆಲ್ಲ ಆ ಹಿಡಿತವೇ ಉತ್ತರವಾಗಿತ್ತು.

ಅಡುಗೆ ಇಬ್ಬರೂ ಸೇರಿ ಮಾಡಿದರು. ಅಜ್ಜಿ ಹೇಳಿದಳು, ಮೊಮ್ಮಗಳು ಮಾಡಿದಳು. ಉಪ್ಪು ಹಾಕುವ ಹೊತ್ತಿಗೆ ತುಳಸಮ್ಮ ಎಂದಿನಂತೆ ತಡವರಿಸಿದಳು. ರುಚಿ ನೋಡದೆ ಹಾಕಬೇಕು. ನಿಮ್ಮಮ್ಮನಿಗೆ ಇದೇ ಕಷ್ಟ, ಬೆನ್ನು ತಿರುಗಿಸಿ ಒಂದು ಬೆರಳು ನೆಕ್ಕಿಯೇ ತೀರುತ್ತಾಳೆ, ನಿನ್ನಂಥವಳು ಬೇಕಿತ್ತು ಈ ಎಡೆಗೆ ಎಂದು ನಕ್ಕಳು. ಮುದ್ದೆಗೆ ಬೇಕಾದ ಹಿಟ್ಟು ಇಲ್ಲಿಯದೇ. ಇಲ್ಲಿ ರಾಗಿಗೆ ಮಡುವಾ ಅನ್ನುತ್ತಾರೆ. ಊರಿನ ರಾಗಿಯಷ್ಟು ಕಪ್ಪಿಲ್ಲ ಎಂದು ಗೊಣಗಿಕೊಂಡೇ ತೊಳಸಿ, ಕಟ್ಟುವುದನ್ನು ಮಾತ್ರ ಅಜ್ಜಿ ತಾನೇ ಮಾಡಿದಳು. ನೋಯುವ ಬೆರಳುಗಳಿಗೂ ಆ ದುಂಡು ಮರೆತಿರಲಿಲ್ಲ.

ಲೋಕನಾಥ್ ಎಲೆ ತಂದ. ಪ್ರಮೀಳಾ ಬಂದಳು. ನಡುಮನೆಯಲ್ಲಿ ಮುದ್ದಪ್ಪನ ಪಟದ ಮುಂದೆ ಹೊಸ ಪಂಚೆ ಮಡಿಸಿಟ್ಟು, ಎಲೆ ಹಾಸಿ ಬಡಿಸಿದರು. ನಡುವೆ ಮುದ್ದೆ, ಒಂದು ಬದಿಗೆ ದೊನ್ನೆಯಲ್ಲಿ ಸಾರು, ಪಕ್ಕದಲ್ಲಿ ತಲೆಮಾಂಸ, ಬೇಯಿಸಿದ ಮೊಟ್ಟೆ, ಅನ್ನ, ಒಂದು ಕಟ್ಟು ಬೀಡಿ. ಒಬ್ಬೊಬ್ಬರಾಗಿ ಧೂಪ ಹಾಕಿದರು. ಹೊಗೆ ಮೇಲೇರುವುದನ್ನು ನೋಡಿ ತುಳಸಮ್ಮ ಕೈಮುಗಿದು, ದೂರದಿಂದ ಬಂದವರನ್ನು ಕರೆಯುವ ಹಾಗೆ, ಬನ್ನಿ, ಕೂತ್ಕಳಿ ಅಂದಳು. ಬಾಗಿಲು ಮುಂದೆ ಮಾಡಿ ಎಲ್ಲರೂ ವೆರಾಂಡಕ್ಕೆ ಬಂದರು.

ಹೊರಗೆ ಬಿಸಿಲು ಇಳಿದಿತ್ತು. ಬೇವಿನ ಮರದಲ್ಲಿ ಕಾಗೆಗಳು ಗದ್ದಲ ಮಾಡುತ್ತಿದ್ದವು, ಇಡೀ ಊರು ಅವಕ್ಕೆ ಉಣಿಸುತ್ತಿದ್ದ ದಿನ. ಮುಚ್ಚಿದ ಬಾಗಿಲಿನ ಆಚೆ ಯಾರೋ ಉಣ್ಣುತ್ತಿದ್ದಾರೆ ಎಂದು ಸುಮ್ಮನೆ ನಿಂತು ಕಾಯುವುದರಲ್ಲಿ ಒಂದು ನೆಮ್ಮದಿ ಇದೆ. ನಂಬದವರಿಗೂ ಆ ಹೊತ್ತಿನಲ್ಲಿ ದನಿ ತಗ್ಗುತ್ತದೆ. ಅದಿತಿ ಅಜ್ಜಿಯ ಪಕ್ಕಕ್ಕೆ ಸರಿದು, ಬೆಳಗಿನಿಂದ ಹೇಳಬೇಕೆಂದಿದ್ದುದನ್ನು ಕಿವಿಯಲ್ಲಿ ಹೇಳಿದಳು. ತಾನೂ ಒಂದು ತುಂಡು ತಿನ್ನುತ್ತೇನೆ, ತಾತ ಹಸಿದು ಹೋಗುವುದು ಬೇಡ. ತುಳಸಮ್ಮನ ಮುಖ ಅರಳಿತು. ಈ ಪಕ್ಷವಿಡೀ ಅವಳು ಕೇದಾರೇಶ್ವರನನ್ನು ಕೇಳಿಕೊಂಡದ್ದು ಇದನ್ನೇ.

ಬಾಗಿಲು ತಟ್ಟಿ ಒಳಗೆ ಹೋದರು. ಎಡೆಯ ಸುತ್ತ ನೆಲದ ಮೇಲೆ ಎಲ್ಲರೂ ಕೂತರು. ತುಳಸಮ್ಮ ಮೊದಲು ಮಗನಿಗೆ ಕೊಟ್ಟಳು, ಸೊಸೆಗೆ ಕೊಟ್ಟಳು. ಆಮೇಲೆ ಎಲುಬಿಲ್ಲದ ಮೆದುವಾದ ತುಂಡೊಂದನ್ನು ಆರಿಸಿ, ಅದನ್ನೂ ಉಗುರಿನಷ್ಟಕ್ಕೆ ಮುರಿದು, ಮೊಮ್ಮಗಳ ಕಡೆ ಕೈ ಚಾಚಿದಳು.

ಅದಿತಿ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಳು. ಒಂದು ಕೈ ಅಮ್ಮನ ದುಪಟ್ಟಾವನ್ನು ಮುಷ್ಟಿ ಮಾಡಿ ಹಿಡಿದಿತ್ತು. ಮುಚ್ಚಿದ ರೆಪ್ಪೆಗಳು ಅದುರುತ್ತಿದ್ದವು, ಒಂದರ ಅಂಚಿನಿಂದ ನೀರು ಇಳಿದು ಕೆನ್ನೆಯ ಮೇಲೆ ನಿಂತಿತ್ತು. ಆದರೂ ಬಾಯಿ ತೆರೆದೇ ಇತ್ತು.

ತುಳಸಮ್ಮನ ಕೈ ಅರ್ಧ ದಾರಿಯಲ್ಲಿ ನಿಂತಿತು.

ಮುದ್ದಪ್ಪ ಉಣ್ಣುವುದನ್ನು ಬದುಕೆಲ್ಲ ನೋಡಿದವಳು ಅವಳು. ಎದುರಿಗೆ ಯಾರಾದರೂ ಅತ್ತರೆ ಆ ಮನುಷ್ಯನಿಗೆ ತುತ್ತು ಇಳಿಯುತ್ತಿರಲಿಲ್ಲ. ಲೋಕನಾಥ್ ಚಿಕ್ಕವನಿದ್ದಾಗ ಇವಳು ಅವನಿಗೆ ಗದರಿ ತಿನ್ನಿಸಿದ ದಿನಗಳಲ್ಲಿ ಮುದ್ದಪ್ಪ, ಎಷ್ಟು ಹಸಿದು ಹೊಲದಿಂದ ಬಂದಿದ್ದರೂ ತಟ್ಟೆ ಹಾಗೇ ಬಿಟ್ಟು ಎದ್ದುಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದ. ಮಗುವಿನ ನಗು ಕೇಳಿದ ಮೇಲೆಯೇ ಮತ್ತೆ ತಟ್ಟೆಗೆ ಬರುತ್ತಿದ್ದ. ಈಗ ಈ ಕೋಣೆಯಲ್ಲಿ, ಈ ಹೊಗೆಯ ನಡುವೆ ಅವನು ಕೂತಿದ್ದರೆ, ಕೂತಿದ್ದಾನೆ ಎಂದೇ ಅವಳ ನಂಬಿಕೆ, ಏನು ಮಾಡುತ್ತಿದ್ದಾನು?

"ಬಾಯ್ ಮುಚ್ಚವ್ವ" ಅಂದಳು ತುಳಸಮ್ಮ.

ಅದಿತಿ ಕಣ್ಣು ಬಿಟ್ಟಳು.

"ಅಳೋ ಮಗೀನ ಮುಂದೆ ಉಂಡೋರಲ್ಲ ನಿಮ್ಮ ತಾತ. ಇದ ನಿನ್ ಬಾಯ್ಗೆ ಇಟ್ರೆ ಅವಾಗ್ಲೇಯ ಅವ್ರು ಎದ್ದೋಗೋದು." ಆ ತುಂಡನ್ನು ತನ್ನ ಬಾಯಿಗೇ ಹಾಕಿಕೊಂಡಳು. ಎದ್ದು ಹೋಗಿ ನಲ್ಲಿಯಲ್ಲಿ ಕೈಯನ್ನು ಮೊಣಕೈಯವರೆಗೆ ತೊಳೆದು, ಸೆರಗಿನಿಂದ ಒರೆಸಿಕೊಳ್ಳುತ್ತ ಬಂದು ಕೂತಳು. ಹಾಗೆ ತೊಳೆಯುವಾಗ ಆ ಕೊಟ್ಟಿಗೆಯ ಪಕ್ಕದ ಎಲೆ ನೆನಪಾಗಿ ಒಳಗೆ ಏನಾದರೂ ಚುಚ್ಚೀತೆಂದು ಕಾದಳು. ಏನೂ ಚುಚ್ಚಲಿಲ್ಲ. ಎಲೆಗೆ ಬಾಗಿ, ಸಾರು ತಾಗಿರದ ಕಡೆ ಯಾವುದೆಂದು ನೋಡಿ, ಮುದ್ದೆಯ ಒಂದು ತುಣುಕು ಮುರಿದಳು.

"ನಿಮ್ಮ ತಾತಂಗೆ ಬಾಕಿ ಏನಿದ್ರೂ ಮುದ್ದೆ ಇಲ್ದಿದ್ರೆ ಅದು ಊಟ ಅಲ್ಲ. ಅವ್ರ ಎಡೇದು ಅಂದ್ರೆ ಇದೇಯ. ತಗ."

ಪ್ರಮೀಳಾ ಸದ್ದಿಲ್ಲದೆ ಎದ್ದು ತುಪ್ಪದ ಬಟ್ಟಲು ತಂದಳು. ಬಂದವಳು ಮಗಳ ಪಕ್ಕಕ್ಕೆ ಮೊದಲಿಗಿಂತ ಒತ್ತಿಕೊಂಡು ಕೂತಳು. ತುಳಸಮ್ಮ ತುಣುಕನ್ನು ತುಪ್ಪದಲ್ಲಿ ಹೊರಳಿಸಿ ಮೊಮ್ಮಗಳ ಬಾಯಿಗಿಟ್ಟಳು. ರೊಟ್ಟಿ ತಿಂದು ಬೆಳೆದ ಕಾಶಿಯ ಹುಡುಗಿ, ಅದನ್ನು ಹಲ್ಲಿಗೆ ಸಿಕ್ಕಿಸಿಕೊಂಡು ಅಗಿಯತೊಡಗಿದಳು. ಮುದ್ದೆ ಹಲ್ಲಿಗೆಲ್ಲ ಮೆತ್ತಿಕೊಂಡಿತು. ಲೋಕನಾಥ್ ನಗು ತಡೆಯಲಾರದೆ ಮುಖ ತಿರುಗಿಸಿದ.

"ಅಗೀಬ್ಯಾಡ ಕನೇ. ನುಂಗು."

"ಹೆಂಗೆ ಅಜ್ಜಿ? ಗಂಟಲಲ್ಲಿ ಅಟಕ್ ಜಾಯೇಗಾ."

"ಸಿಕ್ಕಾಕಳಲ್ಲ. ನಾಲ್ಗೆ ಮ್ಯಾಲೆ ಇಟ್ಕ, ಹಂಗೇ ಬುಟ್ಬುಡು. ತಾನೇ ಹೋಯ್ತದೆ."

ಅಜ್ಜಿ ಇನ್ನೊಂದು ತುಣುಕು ಮುರಿದು ತುಪ್ಪಕ್ಕೆ ಅದ್ದಿ ಕೊಟ್ಟಳು. ಅದಿತಿ ಈ ಸಲ ಹೇಳಿದ ಹಾಗೆ ಮಾಡಿದಳು. ಕಣ್ಣು ದೊಡ್ಡದಾಯಿತು, ಕತ್ತು ಮುಂದೆ ಬಂತು, ಗಂಟಲಲ್ಲಿ ಒಂದು ಉಬ್ಬು ಮೆಲ್ಲಗೆ ಕೆಳಗಿಳಿಯಿತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ತುಳಸಮ್ಮ ಅವಳ ಬೆನ್ನನ್ನು ಮೇಲಿನಿಂದ ಕೆಳಕ್ಕೆ ನೀವಿದಳು.

"ಹೋಯ್ತಾ?"

"ಹೋಯ್ತು."

"ಹಂಗಾದ್ರೆ ಸರಿಯಾಗಿ ಕೂತ್ಕ" ಎಂದು ತುಳಸಮ್ಮ ಎಲೆಯ ಅಂಚನ್ನು ಅವಳ ಕಡೆಗೆ ಸ್ವಲ್ಪ ತಿರುಗಿಸಿ, ಮುದ್ದೆಗೆ ಮತ್ತೆ ಕೈ ಹಾಕಿದಳು.